ಪ್ರಾಸ್ಟೇಟ್ ಕ್ಯಾನ್ಸರ್: ಚಿಕಿತ್ಸೆಯ ಆಯ್ಕೆಯಲ್ಲಿ ಹಣದ ಪಾತ್ರವೆಷ್ಟು?

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ಗಾತ್ರದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು. ಐವತ್ತು ದಾಟಿದ ಮೇಲೆ ಅದು ದಪ್ಪವಾಗಿ ಮೂತ್ರಕ್ಕೆ ತೊಂದರೆ ಕೊಡುವುದು ಬಹಳ ಜನರಿಗೆ ಗೊತ್ತಿರುವ ಸಂಗತಿ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿದೆಯೇ ಎಂಬ ಸಂಶಯ ಸಾಮಾನ್ಯವಾಗಿ ಪಿಎಸ್ಎ ಎಂಬ ರಕ್ತಪರೀಕ್ಷೆಯಿಂದ ಶುರುವಾಗುತ್ತದೆ. ಬಯಾಪ್ಸಿ ಮಾಡಿ, ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಅದು ಖಚಿತವಾಗುತ್ತದೆ. ಆ ಜೀವಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬುದಕ್ಕೆ ಗ್ಲೀಸನ್ ಅಂಕ ಎಂಬ ಅಳತೆ ಇದೆ. ಅಂಕ 6 ಇದ್ದರೆ ಸೌಮ್ಯ, 8ರಿಂದ 10 ಇದ್ದರೆ ಉಗ್ರ, 7 ನಡುವಿನದು.

ಈ ಅಂಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಎದೆ ಝಲ್ಲೆನ್ನುತ್ತದೆ, ಕೂಡಲೇ ಏನಾದರೂ ಮಾಡಿಸಿಬಿಡಬೇಕು ಅನ್ನಿಸುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಒಂದೇ ಸ್ವಭಾವವಿಲ್ಲ. ಒಂದು ಬಗೆ ಬೇಗ ಬೆಳೆದು ಮೂಳೆಗೆ ಹರಡುತ್ತದೆ; ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಇನ್ನೊಂದು ಬಗೆ ಹತ್ತಿಪ್ಪತ್ತು ವರ್ಷ ಗ್ರಂಥಿಯೊಳಗೇ ಇದ್ದುಬಿಡುತ್ತದೆ. ಆ ರೋಗಿ ಕೊನೆಗೆ ಹೃದಯದ ಕಾಯಿಲೆಯಿಂದಲೋ ಇನ್ನಾವುದರಿಂದಲೋ ತೀರಿಕೊಳ್ಳುತ್ತಾನೆ, ಈ ಕ್ಯಾನ್ಸರ್‌ನಿಂದಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಈ ಎರಡನೆಯ ಬಗೆಯ ಬಗ್ಗೆ, ಅಂದರೆ ಗ್ರಂಥಿ ಬಿಟ್ಟು ಹೊರಗೆ ಹರಡದ ಕ್ಯಾನ್ಸರ್ ಬಗ್ಗೆ.

ಅಂಥ ರೋಗಿಯ ಮುಂದೆ ಹಲವು ದಾರಿಗಳಿವೆ. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆಸಬಹುದು. ರೇಡಿಯೇಷನ್ ಕೊಡಿಸಬಹುದು. ಅಥವಾ ಏನೂ ಮಾಡದೆ, ಆರೇಳು ತಿಂಗಳಿಗೊಮ್ಮೆ ಪಿಎಸ್ಎ, ಆಗಾಗ ಸ್ಕ್ಯಾನ್, ಬಯಾಪ್ಸಿ ಎಂದು ಕಣ್ಣಿಟ್ಟು ನೋಡುತ್ತಿದ್ದು, ಕಾಯಿಲೆ ಬೆಳೆಯುವ ಸುಳಿವು ಸಿಕ್ಕಾಗ ಮಾತ್ರ ಚಿಕಿತ್ಸೆಗೆ ಇಳಿಯಬಹುದು. ಇದಕ್ಕೆ ಸಕ್ರಿಯ ನಿಗಾ ಎನ್ನುತ್ತಾರೆ. ಹಾರ್ಮೋನ್ ಇಂಜೆಕ್ಷನ್ ಎಂಬ ಇನ್ನೊಂದು ದಾರಿ ಇದೆ. ಅದು ಮುಖ್ಯವಾಗಿ ಹರಡಿದ ಕಾಯಿಲೆಗೆ, ಇಲ್ಲವೇ ಉಗ್ರ ಕಾಯಿಲೆಗೆ ರೇಡಿಯೇಷನ್ ಜೊತೆಗೆ ಕೊಡುವಂಥದು.

ಈ ದಾರಿಗಳಲ್ಲಿ ಯಾವುದು ಮೇಲು? ಬ್ರಿಟನ್‌ನಲ್ಲಿ ನಡೆದ ಪ್ರೊಟೆಕ್ಟ್ ಎಂಬ ದೊಡ್ಡ ಅಧ್ಯಯನ ಇದನ್ನೇ ಕೇಳಿತು. ಗ್ರಂಥಿಯೊಳಗಷ್ಟೇ ಕ್ಯಾನ್ಸರ್ ಇದ್ದ 1643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ನಿಗಾ ಎಂದು ನಿಗದಿ ಮಾಡಿದರು. 2023ರಲ್ಲಿ ಪ್ರಕಟವಾದ 15 ವರ್ಷಗಳ ಫಲಿತಾಂಶ ಹೀಗಿತ್ತು: ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪಿನಲ್ಲಿ ಶೇ. 3ರ ಆಸುಪಾಸು. ನಿಗಾ ಗುಂಪಿನಲ್ಲಿ ಕ್ಯಾನ್ಸರ್ ಬೇರೆಡೆಗೆ ಹರಡಿದ್ದು ಶೇ. 9.4 ಮಂದಿಗೆ, ಉಳಿದೆರಡರಲ್ಲಿ ಸುಮಾರು ಶೇ. 5 ಮಂದಿಗೆ, ಆ ವ್ಯತ್ಯಾಸವನ್ನು ಮರೆಮಾಚುವುದು ಸರಿಯಲ್ಲ. ಆದರೆ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇನ್ನೊಂದು ಕಡೆ, ಚಿಕಿತ್ಸೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಆಪರೇಷನ್ ಆದವರಲ್ಲಿ ಕೆಲವರಿಗೆ ಮೂತ್ರದ ಹಿಡಿತ ತಪ್ಪುತ್ತದೆ, ಪ್ಯಾಡ್ ಕಟ್ಟಿಕೊಂಡು ತಿರುಗಬೇಕಾಗುತ್ತದೆ. ಬಹಳ ಜನರಿಗೆ ಲೈಂಗಿಕ ಸಾಮರ್ಥ್ಯ ಕುಂದುತ್ತದೆ. ರೇಡಿಯೇಷನ್ ಪಡೆದವರಲ್ಲಿ ಕೆಲವರಿಗೆ ಮಲದಲ್ಲಿ ರಕ್ತ ಬರುವುದುಂಟು.

ಜೀವ ಉಳಿಸುವುದರಲ್ಲಿ ದಾರಿಗಳು ಬಹುಮಟ್ಟಿಗೆ ಸಮ, ಅಡ್ಡಪರಿಣಾಮಗಳಲ್ಲಿ ಬೇರೆ ಬೇರೆ. ಹೀಗಿರುವಾಗ ಯಾವ ದಾರಿ ಹಿಡಿಯಬೇಕು ಎಂಬುದನ್ನು ವಿಜ್ಞಾನವೊಂದೇ ತೀರ್ಮಾನಿಸಿಕೊಡುವುದಿಲ್ಲ. ರೋಗಿಗೆ ಏನು ಮುಖ್ಯ ಎಂಬುದು ತೀರ್ಮಾನಿಸಬೇಕು. ಆದರೆ ವಾಸ್ತವದಲ್ಲಿ ರೋಗಿ ಡಾಕ್ಟರ ಮುಖ ನೋಡುತ್ತಾನೆ. ‘ನೀವೇ ಹೇಳಿ ಡಾಕ್ಟ್ರೇ, ನಿಮ್ಮ ತಂದೆ ಆಗಿದ್ದರೆ ಏನು ಮಾಡ್ತಿದ್ರಿ?’ ಎಂದು ಕೇಳುತ್ತಾನೆ. ಅವರ ಮಾತು ಯಾವ ಕಡೆ ವಾಲುತ್ತದೋ ಚಿಕಿತ್ಸೆಯೂ ಆ ಕಡೆಗೇ. ಹಣದ ಪ್ರಭಾವ ನುಸುಳುವುದು ಈ ಸಂದಿನಲ್ಲಿ.

ಹಣಕಾಸಿನ ಹಿತಾಸಕ್ತಿ ಎಂದಾಗ ನಮಗೆ ಕವರಿನಲ್ಲಿಟ್ಟು ಕೊಡುವ ಲಂಚ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದಕ್ಕಿಂತ ಸಾಧಾರಣವಾದ, ಬಹುಪಾಲು ಕಾನೂನಿನ ಚೌಕಟ್ಟಿನೊಳಗೇ ಇರುವ ಸಂಗತಿ. ಡಾಕ್ಟರು ಬರೆದ ಔಷಧಿಯಲ್ಲಿ ಅವರಿಗೇ ಲಾಭದ ಅಂಶ ಉಳಿಯುವುದು, ಅವರು ಕಳಿಸುವ ರೇಡಿಯೇಷನ್ ಯಂತ್ರದಲ್ಲಿ ಅವರಿಗೇ ಪಾಲು ಇರುವುದು, ಇಂಥದ್ದು. ಅಮೆರಿಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಲ್ಲಿ ಮಾತ್ರ ಹೀಗಾಗುತ್ತದೆ ಎಂದಲ್ಲ. ಅಲ್ಲಿ 65 ದಾಟಿದವರ ವೈದ್ಯಕೀಯ ವೆಚ್ಚವನ್ನು ಮೆಡಿಕೇರ್ ಎಂಬ ಸರ್ಕಾರಿ ವಿಮೆ ಭರಿಸುತ್ತದೆ. ಯಾವ ಡಾಕ್ಟರು ಯಾವ ರೋಗಿಗೆ ಏನು ಮಾಡಿದರು ಎಂಬ ಬಿಲ್ಲುಗಳೆಲ್ಲ ಒಂದೆಡೆ ಇರುವುದರಿಂದ ಸಂಶೋಧಕರಿಗೆ ಲೆಕ್ಕ ತೆಗೆಯಲು ಸಾಧ್ಯವಾಯಿತು.

ಮೊದಲು ಇಂಜೆಕ್ಷನ್ ಕಥೆ. 1941ರಲ್ಲಿ ಷಿಕಾಗೊದ ಚಾರ್ಲ್ಸ್ ಹಗಿನ್ಸ್ ಎಂಬ ಸರ್ಜನ್, ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನ್ ಟೆಸ್ಟೊಸ್ಟಿರೋನ್ ಉಂಡು ಬೆಳೆಯುತ್ತದೆ ಎಂದು ತೋರಿಸಿದರು. ಅದಕ್ಕೆ 1966ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹಾರ್ಮೋನನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ. ನಿಲ್ಲಿಸಲು ಆಗ ಇದ್ದ ಮುಖ್ಯ ದಾರಿ ಎರಡೂ ವೃಷಣಗಳನ್ನು ತೆಗೆಯುವ ಸಣ್ಣ ಆಪರೇಷನ್. ಒಂದೇ ಸಲ, ಖರ್ಚು ಕಡಿಮೆ, ಆದರೆ ಗಂಡಸಿನ ಮನಸ್ಸಿಗೆ ದೊಡ್ಡ ಪೆಟ್ಟು. 1980ರ ದಶಕದಲ್ಲಿ ಇದೇ ಕೆಲಸ ಮಾಡುವ ಇಂಜೆಕ್ಷನ್ ಬಂತು. ಲೂಪ್ರಾನ್, ಝೋಲಡೆಕ್ಸ್ ಎಂಬ ಹೆಸರುಗಳು ಪ್ರಸಿದ್ಧವಾದವು. ಒಂದು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಚುಚ್ಚಿಸಿಕೊಳ್ಳಬೇಕು, ಹಲವರಿಗೆ ಬದುಕಿರುವವರೆಗೂ.

ಸಾಮಾನ್ಯ ಮಾತ್ರೆಯಾದರೆ ರೋಗಿ ಔಷಧಿ ಅಂಗಡಿಯಲ್ಲಿ ಕೊಳ್ಳುತ್ತಾನೆ. ಈ ಇಂಜೆಕ್ಷನ್ ಹಾಗಲ್ಲ. ಡಾಕ್ಟರೇ ಕಂಪನಿಯಿಂದ ಕೊಂಡು, ತಮ್ಮ ಕ್ಲಿನಿಕ್ಕಿನಲ್ಲಿಟ್ಟು, ತಾವೇ ಚುಚ್ಚಿ, ಬಿಲ್ಲನ್ನು ಮೆಡಿಕೇರ್‌ಗೆ ಕಳಿಸುತ್ತಿದ್ದರು. ಮೆಡಿಕೇರ್ ಕೊಡುತ್ತಿದ್ದದ್ದು ‘ಸರಾಸರಿ ಸಗಟು ಬೆಲೆ’ ಎಂಬ ಪಟ್ಟಿ ಬೆಲೆಯ ಶೇ. 95. ಆ ಪಟ್ಟಿ ಬೆಲೆಯ ಮೂಲ ಕಂಪನಿಗಳೇ ಹೇಳಿದ ಅಂಕಿ. ಡಾಕ್ಟರಿಗೆ ನಿಜವಾಗಿ ಮಾರುತ್ತಿದ್ದ ಬೆಲೆ ಬೇರೆ. ಅರ್ಥವಾಗಲೆಂದು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಪಟ್ಟಿ ಬೆಲೆ 100 ಎಂದಿಟ್ಟುಕೊಳ್ಳಿ. ಸರ್ಕಾರದ ದರ 95. ಕಂಪನಿ ಡಾಕ್ಟರಿಗೆ ಅದನ್ನು 70ಕ್ಕೆ ಕೊಟ್ಟರೆ ಪ್ರತಿ ಚುಚ್ಚುಮದ್ದಿಗೆ 25 ಉಳಿಯಿತು. ಪೈಪೋಟಿಯ ಕಂಪನಿಯೊಂದು ಅದನ್ನು 60ಕ್ಕೆ ಕೊಟ್ಟರೆ ಉಳಿಯುವುದು 35. ಹೀಗಾಗಿ ಕಂಪನಿಗಳು ತಮ್ಮ ಔಷಧಿ ಹೆಚ್ಚು ಗುಣಕಾರಿ ಎಂದು ಪೈಪೋಟಿ ಮಾಡುವ ಬದಲು, ತಮ್ಮದರಲ್ಲಿ ಡಾಕ್ಟರಿಗೆ ಹೆಚ್ಚು ಉಳಿಯುತ್ತದೆ ಎಂದು ಪೈಪೋಟಿಗಿಳಿದವು. ಇನ್ನೂ ಒಂದು ಮಾತು: ಮೆಡಿಕೇರ್ ನಿಗದಿ ಮಾಡಿದ ಮೊತ್ತದಲ್ಲಿ ಶೇ. 20ನ್ನು ರೋಗಿಯೇ ಭರಿಸಬೇಕು. ಪಟ್ಟಿ ಬೆಲೆ ಉಬ್ಬಿದಷ್ಟೂ ನಿವೃತ್ತ ಮುದುಕನ ಜೇಬಿಗೂ ಅಷ್ಟೇ ಕತ್ತರಿ.

ಲೂಪ್ರಾನ್ ಮಾರುತ್ತಿದ್ದ ಟ್ಯಾಪ್ ಫಾರ್ಮಾಸ್ಯೂಟಿಕಲ್ಸ್ ಇದಕ್ಕಿಂತಲೂ ಮುಂದೆ ಹೋಯಿತು. ಪುಕ್ಕಟೆ ಸ್ಯಾಂಪಲ್ ಕೊಟ್ಟು, ಅದಕ್ಕೂ ಸರ್ಕಾರಕ್ಕೆ ಬಿಲ್ ಕಳಿಸುವಂತೆ ಡಾಕ್ಟರುಗಳನ್ನು ಹುರಿದುಂಬಿಸಿತು. ಅಲ್ಲಿ ಮಾರಾಟ ವಿಭಾಗದ ಉಪಾಧ್ಯಕ್ಷರಾಗಿ ಸೇರಿದ್ದ ಡಗ್ಲಸ್ ಡ್ಯುರಾಂಡ್ ಇದನ್ನು ಕಂಡು ಸರ್ಕಾರಕ್ಕೆ ದೂರು ಕೊಟ್ಟರು. 2001ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 87.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಕೆಲವು ಯೂರಾಲಜಿಸ್ಟ್‌ಗಳೂ (ಮೂತ್ರಾಂಗದ ತಜ್ಞರು) ತಪ್ಪೊಪ್ಪಿಕೊಂಡರು. ಕಂಪನಿಯ ಕೆಲವು ನೌಕರರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮಾತ್ರ 2004ರಲ್ಲಿ ಬಾಸ್ಟನ್ನಿನ ನ್ಯಾಯದರ್ಶಿಗಳು ಅವರನ್ನು ಖುಲಾಸೆ ಮಾಡಿದರು. ಝೋಲಡೆಕ್ಸ್ ತಯಾರಕ ಆಸ್ಟ್ರಾಝೆನೆಕಾ 2003ರಲ್ಲಿ ಇಂಥದೇ ಆರೋಪಕ್ಕೆ 35.5 ಕೋಟಿ ಡಾಲರ್ ತೆತ್ತಿತು.

ಈ ಹಗರಣಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದರ ನಂತರ ನಡೆದದ್ದು. 2003ರಲ್ಲಿ ಅಮೆರಿಕದ ಸಂಸತ್ತು ಮೆಡಿಕೇರ್ ಕಾನೂನನ್ನು ತಿದ್ದಿತು. 2004ರಲ್ಲಿ ದರ ಇಳಿಯಿತು. 2005ರಿಂದ ಔಷಧಿ ನಿಜವಾಗಿ ಮಾರಾಟವಾಗುವ ಸರಾಸರಿ ಬೆಲೆಯ ಮೇಲೆ ಶೇ. 6 ಮಾತ್ರ ಹೆಚ್ಚು ಎಂದಾಯಿತು. ಡಾಕ್ಟರಿಗೆ ಉಳಿಯುತ್ತಿದ್ದ ಲಾಭ ಕುಸಿಯಿತು. ಮಿಶಿಗನ್ ವಿಶ್ವವಿದ್ಯಾಲಯದ ವಹಕಾನ್ ಶಹೀನಿಯನ್ ಮತ್ತು ಸಂಗಡಿಗರು ಆ ವರ್ಷಗಳ ದಾಖಲೆ ತೆಗೆದು, ರೋಗಿಗಳನ್ನು ಮೂರಾಗಿ ವಿಂಗಡಿಸಿದರು: ಇಂಜೆಕ್ಷನ್‌ನಿಂದ ಉಪಯೋಗವಿದೆ ಎಂದು ಸಾಬೀತಾಗಿರುವವರು, ಉಪಯೋಗವಾಗುವ ಸಂಭವ ಕಡಿಮೆ ಇರುವವರು, ಇವೆರಡರ ನಡುವಿನವರು. ಎರಡನೆಯ ಗುಂಪಿನವರೆಂದರೆ ಸೌಮ್ಯ, ಹರಡದ ಕ್ಯಾನ್ಸರ್ ಇದ್ದವರು; ಅವರಿಗೆ ಬರೀ ಇಂಜೆಕ್ಷನ್ ಕೊಡುವುದೇ ಅಗತ್ಯವಿಲ್ಲದ ಬಳಕೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಗತ್ಯವಿಲ್ಲದ ಬಳಕೆ 2003ರಲ್ಲಿ ಶೇ. 38.7 ಇದ್ದದ್ದು 2004ರಲ್ಲಿ ಶೇ. 30.6, 2005ರಲ್ಲಿ ಶೇ. 25.7ಕ್ಕೆ ಇಳಿದಿತ್ತು. ಅಗತ್ಯವಿದ್ದವರಲ್ಲಿ ಬಳಕೆ ಕಡಿಮೆಯಾಗಿರಲಿಲ್ಲ.

ಈ ಅಂಕಿಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಆ ಎರಡು ವರ್ಷಗಳಲ್ಲಿ ಕಾಯಿಲೆ ಬದಲಾಗಿರಲಿಲ್ಲ, ಔಷಧಿಯೂ ಬದಲಾಗಿರಲಿಲ್ಲ. ಬದಲಾದ ದೊಡ್ಡ ಸಂಗತಿ ದರ. ಔಷಧಿ ನಿಜಕ್ಕೂ ಬೇಕಿದ್ದ ರೋಗಿಗೆ, ಲಾಭ ಇರಲಿ ಬಿಡಲಿ, ಡಾಕ್ಟರು ಕೊಟ್ಟರು. ಕೊಟ್ಟರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ ಎಂಬಂಥ ಕಡೆ ಮಾತ್ರ ಲಾಭ ಅವರ ಕೈಯನ್ನು ಔಷಧಿಯ ಕಡೆ ಎಳೆದಿತ್ತು. ಡಾಕ್ಟರುಗಳು ದುಷ್ಟರು ಎಂದು ಈ ಅಧ್ಯಯನ ಹೇಳುವುದಿಲ್ಲ. ಅವರಲ್ಲಿ ಬಹಳ ಜನ, ರೋಗಿಗೆ ಒಳ್ಳೆಯದಾಗಲಿ ಎಂದೇ ಚುಚ್ಚಿದ್ದಿರಬೇಕು. ಆದರೆ ಎರಡು ಆಯ್ಕೆ ಸಮವಾಗಿ ಕಂಡಾಗ, ಲಾಭವಿರುವ ಆಯ್ಕೆ ಸ್ವಲ್ಪ ಹೆಚ್ಚು ಸರಿ ಎಂದು ಮನಸ್ಸಿಗೆ ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸಿದ್ದು ಏಕೆ ಎಂದು ಆ ಮನಸ್ಸಿಗೇ ಗೊತ್ತಾಗುವುದಿಲ್ಲ.

ಕೊಟ್ಟರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಟೆಸ್ಟೊಸ್ಟಿರೋನ್ ನಿಂತ ಮೈ ಬದಲಾಗುತ್ತದೆ: ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ಸ್ನಾಯು ಕರಗಿ ಬೊಜ್ಜು ಬರುವುದು, ಸುಸ್ತು, ಕಾಮಾಸಕ್ತಿ ಬತ್ತುವುದು, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚುವುದು. ಮೂಳೆಯೂ ಟೊಳ್ಳಾಗುತ್ತದೆ. ಶಹೀನಿಯನ್ ಅವರದೇ 2005ರ ಇನ್ನೊಂದು ಅಧ್ಯಯನದಲ್ಲಿ, ಐದು ವರ್ಷವಾದರೂ ಬದುಕಿದ್ದ ರೋಗಿಗಳ ಪೈಕಿ ಈ ಚಿಕಿತ್ಸೆ ಪಡೆದವರಲ್ಲಿ ಶೇ. 19.4 ಮಂದಿಗೆ ಮೂಳೆ ಮುರಿದಿತ್ತು, ಪಡೆಯದವರಲ್ಲಿ ಶೇ. 12.6. ಸೊಂಟದ ಮೂಳೆ ಮುರಿದ ಎಪ್ಪತ್ತೈದರ ಮುದುಕರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ವ್ಯತ್ಯಾಸದ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಯಂತ್ರದ ಕಥೆಗೆ ಬರೋಣ. ಇಂಜೆಕ್ಷನ್ನಿನ ಆದಾಯ ಬತ್ತಿದ ಕಾಲಕ್ಕೇ ಅಮೆರಿಕದಲ್ಲಿ ಯೂರಾಲಜಿಸ್ಟ್‌ಗಳು ದೊಡ್ಡ ಗುಂಪುಗಳಾಗಿ ಸೇರಿ ಐಎಂಆರ್‌ಟಿ ಎಂಬ ರೇಡಿಯೇಷನ್ ಯಂತ್ರಗಳನ್ನು ಕೊಳ್ಳತೊಡಗಿದರು. ಹಲವು ಕೋನಗಳಿಂದ, ಬೇಕಾದ ಕಡೆ ಹೆಚ್ಚು, ಬೇಡದ ಕಡೆ ಕಡಿಮೆ ಎಂದು ವಿಕಿರಣದ ತೀವ್ರತೆಯನ್ನು ಕಂಪ್ಯೂಟರ್ ಸರಿಹೊಂದಿಸುವ ವಿಧಾನ ಇದು. ವಿಧಾನ ಒಳ್ಳೆಯದೇ. ದುಬಾರಿ ಕೂಡ. ಆಗೆಲ್ಲ ವಾರಕ್ಕೆ ಐದು ದಿನದಂತೆ ಎಂಟೊಂಬತ್ತು ವಾರ ಕೊಡುತ್ತಿದ್ದರು, ಪ್ರತಿ ದಿನಕ್ಕೂ ಬಿಲ್ಲು ಬೇರೆ.

ಮೊದಲು ಯೂರಾಲಜಿಸ್ಟ್ ಬಯಾಪ್ಸಿ ಮಾಡಿ, ರೇಡಿಯೇಷನ್ ಬೇಕೆನಿಸಿದರೆ ರೋಗಿಯನ್ನು ಬೇರೆ ಆಸ್ಪತ್ರೆಯ ರೇಡಿಯೇಷನ್ ತಜ್ಞರ ಬಳಿ ಕಳಿಸುತ್ತಿದ್ದರು. ಅಲ್ಲಿ ಬರುವ ಹಣಕ್ಕೂ ಇವರಿಗೂ ಸಂಬಂಧವಿರಲಿಲ್ಲ. ಯಂತ್ರ ತಮ್ಮದೇ ಆದ ಮೇಲೆ, ತಜ್ಞರನ್ನು ಸಂಬಳಕ್ಕಿಟ್ಟುಕೊಂಡ ಮೇಲೆ, ಕಳಿಸುವವರೂ ಇವರೇ, ಗಳಿಸುವವರೂ ಇವರೇ ಆದರು. ಇದನ್ನು ತಡೆಯಲು ಕಾನೂನು ಇರಲಿಲ್ಲವೇ? ಇತ್ತು. ಕ್ಯಾಲಿಫೋರ್ನಿಯದ ಸಂಸದ ಪೀಟ್ ಸ್ಟಾರ್ಕ್ ಅವರ ಹೆಸರಿನ ಸ್ಟಾರ್ಕ್ ಕಾನೂನು 1989ರಲ್ಲೇ ಬಂದಿತ್ತು. ತನ್ನ ಪಾಲಿರುವ ಲ್ಯಾಬಿಗೆ ಡಾಕ್ಟರು ಮೆಡಿಕೇರ್ ರೋಗಿಯನ್ನು ಕಳಿಸುವಂತಿಲ್ಲ ಎಂದು ಅದು ಹೇಳಿತ್ತು. 1993ರಲ್ಲಿ ರೇಡಿಯೇಷನ್ ಚಿಕಿತ್ಸೆಯನ್ನೂ ಅದರಡಿ ತಂದರು. ಆದರೆ ಅದರಲ್ಲೊಂದು ವಿನಾಯಿತಿ ಇತ್ತು: ಡಾಕ್ಟರ ಕ್ಲಿನಿಕ್ಕಿನಲ್ಲೇ ಕೊಡುವ ಪೂರಕ ಸೇವೆಗಳಿಗೆ ನಿಷೇಧವಿಲ್ಲ. ಬಂದ ದಿನವೇ ರಕ್ತಪರೀಕ್ಷೆಯೋ ಎಕ್ಸ್‌ರೇಯೋ ಮುಗಿಸಿಕೊಂಡು ಹೋಗಲಿ ಎಂಬುದು ಇಂಥ ವಿನಾಯಿತಿಯ ಹಿಂದಿನ ನ್ಯಾಯ. ವಾರಗಟ್ಟಲೆ ನಡೆಯುವ ರೇಡಿಯೇಷನ್ ಅದೇ ಬಾಗಿಲಿನಿಂದ ಒಳಗೆ ಬಂತು.

ಪರಿಣಾಮವನ್ನು 2013ರಲ್ಲಿ ಇಬ್ಬರು ಬೇರೆಬೇರೆಯಾಗಿ ಅಳೆದರು. ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆಯಾದ ಜಿಎಒ, ಸ್ವಂತ ಯಂತ್ರವಿದ್ದ ಗುಂಪುಗಳು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮಾಡಿದ ಐಎಂಆರ್‌ಟಿ ಸೇವೆಗಳು 2006ರಲ್ಲಿ ಸುಮಾರು 80,000 ಇದ್ದದ್ದು 2010ರಲ್ಲಿ 3,66,000 ಆದವು ಎಂದು ವರದಿ ಮಾಡಿತು; ಯಂತ್ರವಿಲ್ಲದ ಗುಂಪುಗಳಲ್ಲಿ ಅದೇ ಅವಧಿಯಲ್ಲಿ ಸಂಖ್ಯೆ ಇಳಿದಿತ್ತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಜೀನ್ ಮಿಚೆಲ್, ಯಂತ್ರ ಕೊಳ್ಳುವ ಮುಂಚೆ ಮತ್ತು ಕೊಂಡ ನಂತರ ಅದೇ ಯೂರಾಲಜಿಸ್ಟ್‌ಗಳು ಏನು ಮಾಡಿದರು ಎಂದು ನೋಡಿದರು. ಹರಡದ ಕ್ಯಾನ್ಸರ್ ಇದ್ದ ಅವರ ರೋಗಿಗಳಲ್ಲಿ ಐಎಂಆರ್‌ಟಿ ಪಡೆದವರ ಪ್ರಮಾಣ ಶೇ. 13.1ರಿಂದ ಶೇ. 32.3ಕ್ಕೆ ಏರಿತ್ತು. ಯಂತ್ರ ಕೊಳ್ಳದವರಲ್ಲಿ ಅದೇ ಕಾಲದಲ್ಲಿ ಶೇ. 14.3ರಿಂದ ಶೇ. 15.6.

ಯೂರಾಲಜಿ ಗುಂಪುಗಳು ಸುಮ್ಮನಿರಲಿಲ್ಲ. ಎಲ್ಲ ಸೇವೆ ಒಂದೇ ಸೂರಿನಡಿ ಸಿಕ್ಕರೆ ರೋಗಿಗೇ ಅನುಕೂಲ, ಪರಸ್ಪರ ಮಾತಾಡಿಕೊಳ್ಳುವ ತಜ್ಞರಿಂದ ಚಿಕಿತ್ಸೆ ಸುಧಾರಿಸುತ್ತದೆ ಎಂದರು. ಮಿಚೆಲ್ ಅವರ ಅಧ್ಯಯನಕ್ಕೆ ಹಣ ಕೊಟ್ಟದ್ದು ರೇಡಿಯೇಷನ್ ತಜ್ಞರ ಸಂಘ ಎಂಬುದನ್ನೂ ಎತ್ತಿ ಹೇಳಿದರು. ಅದು ನಿಜ, ರೋಗಿಗಳು ಯೂರಾಲಜಿಸ್ಟ್‌ಗಳ ಯಂತ್ರಕ್ಕೆ ಹೋದರೆ ನಷ್ಟವಾಗುವುದು ಆ ಸಂಘದ ಸದಸ್ಯರಿಗೇ. ಹಿತಾಸಕ್ತಿಯ ಬಗ್ಗೆ ಓದುವಾಗ ಅಧ್ಯಯನದ ಖರ್ಚು ಯಾರದು ಎಂದು ಕೇಳುವ ಅಭ್ಯಾಸ ಒಳ್ಳೆಯದು. ಆದರೆ ಈ ವಿಷಯದಲ್ಲಿ ಯಾವ ಸಂಘದ ಹಂಗೂ ಇಲ್ಲದ ಜಿಎಒ ಕೂಡ ಅದೇ ದಿಕ್ಕಿಗೆ ಬೆರಳು ತೋರಿಸಿದ್ದರಿಂದ ನನಗೆ ಆ ಫಲಿತಾಂಶದ ಮೇಲೆ ನಂಬಿಕೆಯಿದೆ.

ಹಣವೊಂದೇ ಕಾರಣ ಎಂದೂ ಹೇಳಲಾರೆ. ಕಲಿತ ವಿದ್ಯೆಗೂ ಒಂದು ವಾಲು ಇರುತ್ತದೆ. 2000ದಲ್ಲಿ ಫ್ಲಾಯ್ಡ್ ಫೌಲರ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯಲ್ಲಿ ಯೂರಾಲಜಿಸ್ಟ್‌ಗಳ ಪೈಕಿ ಶೇ. 93 ಮಂದಿ ಆಪರೇಷನ್ನೇ ಮೇಲು ಎಂದರು. ರೇಡಿಯೇಷನ್ ತಜ್ಞರಲ್ಲಿ ಶೇ. 72 ಮಂದಿ ಎರಡೂ ಸಮ ಎಂದರು. ಇವರೆಲ್ಲ ಓದಿದ್ದು ಅದೇ ವೈದ್ಯಶಾಸ್ತ್ರ.

ಅಂದಿನಿಂದ ಪರಿಸ್ಥಿತಿ ಸುಧಾರಿಸಿದೆ. ಕಂಪನಿಗಳು ಯಾವ ಡಾಕ್ಟರಿಗೆ ಎಷ್ಟು ಕೊಟ್ಟವು ಎಂಬುದನ್ನು ಅಮೆರಿಕದ ಸರ್ಕಾರ 2014ರಿಂದ ಸಾರ್ವಜನಿಕವಾಗಿ ಪ್ರಕಟಿಸುತ್ತಿದೆ. ರೇಡಿಯೇಷನ್ನನ್ನು 37 ಸಲದ ಬದಲು 20 ಸಲದಲ್ಲಿ ಮುಗಿಸಿದರೂ ಫಲ ಕಡಿಮೆಯಿಲ್ಲ ಎಂದು ಬ್ರಿಟನ್ನಿನ ಚಿಪ್ ಅಧ್ಯಯನ 2016ರಲ್ಲಿ ತೋರಿಸಿತು. ಅಮೆರಿಕದ ಯೂರಾಲಜಿ ನೋಂದಣಿಯೊಂದರ ಪ್ರಕಾರ, ಕಡಿಮೆ ಅಪಾಯದ ರೋಗಿಗಳಲ್ಲಿ ಸಕ್ರಿಯ ನಿಗಾ ಆಯ್ದುಕೊಂಡವರು 2014ರಲ್ಲಿ ಶೇ. 26.5 ಇದ್ದು 2021ರಲ್ಲಿ ಶೇ. 59.6 ಆದರು. ಆದರೂ ಅದೇ ನೋಂದಣಿಯಲ್ಲಿ ತಮ್ಮ ಒಬ್ಬ ರೋಗಿಯನ್ನೂ ನಿಗಾದಲ್ಲಿಡದ ಡಾಕ್ಟರುಗಳಿದ್ದಾರೆ, ಎಲ್ಲರನ್ನೂ ಇಟ್ಟವರಿದ್ದಾರೆ. ಯಾವ ಬಾಗಿಲು ತಟ್ಟಿದಿರಿ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ ಎಂದಾಯಿತು.

ನಮ್ಮಲ್ಲಿ ಮೆಡಿಕೇರ್‌ನಂಥ ಬಿಲ್ಲುಗಳ ರಾಶಿ ಇಲ್ಲ, ಹಾಗಾಗಿ ಇಂಥ ಲೆಕ್ಕವನ್ನು ಇಲ್ಲಿ ಮುಂದಿಡಲಾರೆ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದು ಭಾರತದಲ್ಲಿ 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ತಪ್ಪು ಎಂಬುದನ್ನು ಮಾತ್ರ ನೆನಪಿಡಿ. ಮಕ್ಕಳು ಅಮೆರಿಕದಲ್ಲಿ ನೆಲೆಸಿ, ಅಪ್ಪನ ಬಯಾಪ್ಸಿ ವರದಿಯನ್ನು ವಾಟ್ಸಾಪಿನಲ್ಲಿ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಕಳಿಸುವ ಕನ್ನಡದ ಮನೆಗಳು ಈಗ ಎಷ್ಟೋ ಇವೆ. ಎರಡೂ ಕಡೆ ಕೇಳಬೇಕಾದ ಪ್ರಶ್ನೆಗಳು ಒಂದೇ.

ಮೊದಲು ಗ್ಲೀಸನ್ ಅಂಕ ಎಷ್ಟು, ಕ್ಯಾನ್ಸರ್ ಗ್ರಂಥಿಯ ಹೊರಗೆ ಹೋಗಿದೆಯೇ ಎಂದು ಕೇಳಿ. ಈಗಲೇ ಏನೂ ಮಾಡದೆ ನಿಗಾದಲ್ಲಿಟ್ಟರೆ ಏನಾಗಬಹುದು ಎಂದು ಕೇಳಿ. ಯೂರಾಲಜಿಸ್ಟ್ ಒಬ್ಬರನ್ನೇ ಅಲ್ಲ, ಬೇರೆ ಆಸ್ಪತ್ರೆಯ ರೇಡಿಯೇಷನ್ ತಜ್ಞರನ್ನೂ ಕಾಣಿ. ಇಬ್ಬರ ಮಾತನ್ನೂ ಮನೆಯವರೊಬ್ಬರು ಬರೆದುಕೊಳ್ಳಲಿ. ಹಾರ್ಮೋನ್ ಇಂಜೆಕ್ಷನ್ ಹೇಳಿದರೆ, ನನ್ನ ಹಂತದ ಕಾಯಿಲೆಗೆ ಇದು ಏಕೆ ಬೇಕು, ಎಷ್ಟು ಕಾಲ ಎಂದು ವಿಚಾರಿಸಿ. ಆ ಸೆಂಟರಿನಲ್ಲಿ ನಿಮಗೆ ಪಾಲಿದೆಯೇ ಡಾಕ್ಟ್ರೇ ಎಂದು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಡಾಕ್ಟರು ಇದಕ್ಕೆ ಬೇಸರಿಸುವುದಿಲ್ಲ. ಅಂಕ 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಡಮಾಡಬೇಡಿ. 6 ಇದ್ದರೆ ಒಂದೆರಡು ವಾರ ಯೋಚಿಸಲು ನಿಮಗೆ ಖಂಡಿತ ಸಮಯವಿದೆ. ಆ ಸಮಯವನ್ನು ದಯವಿಟ್ಟು ತೆಗೆದುಕೊಳ್ಳಿ.